ಮೂವತ್ತೊಂದನೆಯ ಹಲಗೆ

ಸೂರಣ್ಣನಿಗೆ ಈ ಜಗತ್ತಿನ ಮೇಲಿದ್ದ ದೊಡ್ಡ ದೂರು ಒಂದೇ: ಯಾರೂ ಮೇಲೆ ನೋಡುವುದಿಲ್ಲ. ಮನೆಗೆ ಬಂದವರು ನೆಲ ನೋಡುತ್ತಾರೆ, ಬಾಗಿಲು ತಟ್ಟಿ ನೋಡುತ್ತಾರೆ, ಗೋಡೆಯ ಬಣ್ಣ ಯಾವುದೆಂದು ಕೇಳುತ್ತಾರೆ. ತಲೆಯ ಮೇಲೆ ಒಬ್ಬ ಮನುಷ್ಯ ಹದಿನೈದು ದಿನ ಕತ್ತು ಮುರಿದುಕೊಂಡು ಮಾಡಿದ ಕೆಲಸ ಇದೆಯೆಂದು ಒಬ್ಬರ ಗಮನಕ್ಕೂ ಬರುವುದಿಲ್ಲ.

"ತಲೆ ಮೇಲೆ ಹಲ್ಲಿ ಬಿದ್ರೆ ಮಾತ್ರ ಈ ಜನ ಮೇಲೆ ನೋಡ್ತಾರೆ. ಅದೂ ಹಲ್ಲಿ ಎಲ್ಲಿತ್ತು ಅಂತ ನೋಡೋಕೆ" ಎಂದು ಅವನು ಗೊಣಗುತ್ತಿದ್ದ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಮೂವತ್ತು ವರ್ಷ ಸೂರಿನ ಕೆಳಮೈಗೆ, ವರಾಂಡಗಳ ಸೀಲಿಂಗಿಗೆ ಗಟ್ಟಿಮರದ ಹಲಗೆ ಕೂರಿಸುವುದನ್ನು ಬಿಟ್ಟು ಬೇರೇನನ್ನೂ ಮಾಡದ್ದರಿಂದ ಉಳಿದ ಬಡಗಿಗಳೆಲ್ಲ ಸೇರಿ ಸೂರಣ್ಣ ಅಂದರು, ಅದೇ ನಿಂತಿತು. ಕುರ್ಚಿ ಮೇಜು ಮಾಡಿಕೊಡಿ ಎಂದು ಬಂದವರನ್ನು ಅವನು ಬಾಗಿಲಿನಿಂದಲೇ ಸಾಗಹಾಕುತ್ತಿದ್ದ. ಕೂರುವ ಸಾಮಾನು ಮಾಡಲು ಊರು ತುಂಬ ಜನ ಇದ್ದಾರೆ ಎನ್ನುತ್ತಿದ್ದ.

ಅವನು ಬಳಸುತ್ತಿದ್ದ ಮರವೂ ಅವನ ಹಾಗೇ ಮೊಂಡು. ತೂತು ಕೊರೆಯದೆ ಮೊಳೆ ಹೊಡೆಯಲು ಹೋದರೆ ಮೊಳೆಯೇ ಸೊಟ್ಟಗಾಗುತ್ತದೆ. ಗೆದ್ದಲು ಮುಟ್ಟುವುದಿಲ್ಲ, ನೀರಿಗೆ ಹಾಕಿದರೆ ಕಲ್ಲಿನಂತೆ ಮುಳುಗುತ್ತದೆ. ಆದರೆ ಅದಕ್ಕೊಂದು ಹಟ ಇದೆ. ಬಿಸಿಲುಗಾಲದಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ಪಕ್ಕದ ಹಲಗೆಯನ್ನು ನೂಕುತ್ತದೆ. ಅದು ಅದರ ಪಕ್ಕದ್ದನ್ನು ನೂಕುತ್ತದೆ. ಕೊನೆಗೆ ನಡುವಿನ ಒಂದು ಹಲಗೆ ಕೆಳಕ್ಕೆ ಹೊಟ್ಟೆ ಬಿಟ್ಟು, ಸ್ಕ್ರೂಗಳ ತಲೆ ಹಾರಿಸಿ, ಕೆಳಗಿದ್ದವರ ತಲೆಯ ಮೇಲೆ ಬಂದು ಕೂರುತ್ತದೆ.

ಆದ್ದರಿಂದ ಹಲಗೆ ಹಲಗೆಯ ನಡುವೆ ಸಂದು ಬಿಡಬೇಕು. ಎಷ್ಟು ಬಿಡಬೇಕೆಂಬುದೇ ಇಡೀ ವಿದ್ಯೆ. ಇದಕ್ಕೆ ಸೂರಣ್ಣ ಕಂಡುಕೊಂಡಿದ್ದ ಉಪಾಯ ಹೊಲಿಗೆಯಂಗಡಿಯದು, ಏಕೆಂದರೆ ಅವನ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಿಸಿಲುಗಾಲದಲ್ಲಿ ಕುಗ್ಗಿದ ಹಲಗೆ ಕೂರಿಸುವಾಗ ನಡುವೆ ದಪ್ಪ ಕೋಟಿನ ಗುಂಡಿಗಳನ್ನು ಸಿಕ್ಕಿಸಿ ಸ್ಕ್ರೂ ಬಿಗಿಯುವುದು, ಆಮೇಲೆ ಗುಂಡಿ ಕಿತ್ತುಕೊಳ್ಳುವುದು. ಮಳೆಗಾಲದಲ್ಲಿ ಆಗಲೇ ಹಿಗ್ಗಿರುವ ಹಲಗೆಗೆ ಷರಟಿನ ತೆಳು ಗುಂಡಿ ಸಾಕು. ಕೋಟಿನ ಗುಂಡಿ ಕೆಂಪು ಮುಚ್ಚಳದ ಡಬ್ಬಿಯಲ್ಲಿ, ಷರಟಿನದು ನೀಲಿ ಮುಚ್ಚಳದ್ದರಲ್ಲಿ. ಯಾವುದು ಯಾವಾಗ, ಯಾಕೆ ಎಂಬುದನ್ನು ಮಾತ್ರ ಅವನು ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಹದಿನೆಂಟು ವರ್ಷದಿಂದ ಜೊತೆಗೆ ದುಡಿಯುತ್ತಿದ್ದ ಭಾವಮೈದನಿಗೂ ಗೊತ್ತಿರಲಿಲ್ಲ. ಹೆಂಡತಿಯ ತಮ್ಮ, ತೋಳಿನಲ್ಲಿ ಬಲ, ಬಾಯಲ್ಲಿ ಅದಕ್ಕಿಂತ ಹೆಚ್ಚು ಬಲ. ಅವನು ಕೇಳಿದಾಗಲೆಲ್ಲ ಸೂರಣ್ಣ, "ಕೊಟ್ಟಿದ್ದು ತಗೊಂಡು ಕೆಲಸ ಮಾಡು" ಎಂದು ಒಂದು ಡಬ್ಬಿ ಕೈಗಿಡುತ್ತಿದ್ದ. ಪೂರ್ತಿ ಹೇಳಿಕೊಟ್ಟರೆ ಇವನು ನಾಳೆಯೇ ಬೇರೆ ಅಂಗಡಿ ಇಡುತ್ತಾನೆಂಬ ಅನುಮಾನ ಅವನಿಗೆ ಮೊದಲ ದಿನದಿಂದಲೂ ಇತ್ತು.

ಕಳೆದ ವರ್ಷ ಸೂರಣ್ಣನ ಕತ್ತು ಕೈಕೊಟ್ಟಿತು. ಮೊದಲು ಬೆಳಗ್ಗೆ ಎದ್ದಾಗ ಸ್ವಲ್ಪ ಹಿಡಿದಂತಾಗುತ್ತಿತ್ತು, ಆಮೇಲೆ ಇಡೀ ದಿನ. ಗಲ್ಲವನ್ನು ಒಂದು ಬೆರಳಿನಷ್ಟು ಮೇಲೆತ್ತಿದರೆ ಹೆಗಲಿನಿಂದ ಬೆರಳ ತುದಿಯವರೆಗೆ ಬೆಂಕಿ ಹರಿದಂತಾಗುತ್ತಿತ್ತು. ಮೇಲೆ ನೋಡಲಾಗದ ಸೂರಿನ ಬಡಗಿಯನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ಹೆಂಡತಿಗೆ ಮಾತ್ರ ಹೇಳಿದ, ಅವಳಿಂದ ಮಾತು ತೆಗೆದುಕೊಂಡ, ತಮ್ಮನ ಮುಂದೆ ಉಸಿರೆತ್ತಕೂಡದು ಅಂತ. ಅವಳ ಅಂಗಡಿಯ ಕೈಗನ್ನಡಿ ಎತ್ತಿಕೊಂಡು ಹೋಗಿ, ಅದನ್ನು ಹೊಟ್ಟೆಯ ಹತ್ತಿರ ಅಂಗಾತ ಹಿಡಿದು, ತಲೆ ಬಗ್ಗಿಸಿಕೊಂಡೇ ಸೀಲಿಂಗ್ ನೋಡತೊಡಗಿದ.

"ಇದೇನು ಭಾವ, ಮದುವೆ ಹೆಣ್ಣಿನ ಥರ ಕನ್ನಡಿ?" ಎಂದು ಭಾವಮೈದ ನಕ್ಕ.

"ಕನ್ನಡೀಲಿ ತಪ್ಪು ಬೇಗ ಕಾಣುತ್ತೆ. ಹೊಸ ವಿಧಾನ. ನಿನಗೆ ತಿಳಿಯಲ್ಲ" ಎಂದ ಸೂರಣ್ಣ. ಭಾವಮೈದ ನಂಬಿದ. ನಂಬಿದ್ದಷ್ಟೇ ಅಲ್ಲ, ಹೋದಲ್ಲೆಲ್ಲ ಭಾವನ ಹೊಸ ವಿಧಾನದ ಡಂಗುರ ಸಾರಿದ.

ಈ ವರ್ಷದ ಬೇಸಿಗೆಯಲ್ಲಿ ಹಲ್ಲಿನ ಡಾಕ್ಟರಮ್ಮ ಹೇಳಿ ಕಳುಹಿಸಿದರು. ಕ್ಲಿನಿಕ್ಕಿನ ಮುಂದೆ ಹೊಸ ವರಾಂಡ ಎಳೆದಿದ್ದರು, ರೋಗಿಗಳು ಕಾಯುತ್ತ ಕೂರುವುದಕ್ಕೆ.

"ನನ್ನ ಹತ್ರ ಬರೋರೆಲ್ಲ ಬಾಯಿ ಬಿಟ್ಕೊಂಡು ಮೇಲೇ ನೋಡ್ತಿರ್ತಾರೆ ಸೂರಣ್ಣ. ಒಳಗಡೆ ಪ್ಲಾಸ್ಟಿಕ್ ಶೀಟ್ ಹಾಕಿಸಿ ಕೆಟ್ಟೆ. ಹೊರಗಡೆಗಾದ್ರೂ ಮರ ಇರ್ಲಿ" ಅಂದರು.

ಸೂರಣ್ಣ ಆಗಲೇ ಟೇಪು ಬಿಚ್ಚಿದ. ಮೂವತ್ತು ವರ್ಷದಲ್ಲಿ, ಜನ ಮೇಲೆ ನೋಡುತ್ತಾರೆಂದು ತಾವಾಗಿ ಹೇಳಿದ ಮೊದಲ ಗಿರಾಕಿ! ವರಾಂಡದ ಅಗಲ ಅಳೆದು, ಹಲಗೆಯ ಅಗಲಕ್ಕೆ ಕೋಟಿನ ಗುಂಡಿಯ ದಪ್ಪ ಸೇರಿಸಿ, ಮೂವತ್ತು ಹಲಗೆ ಎಂದು ಲೆಕ್ಕ ಹಾಕಿದ. ಒಡೆದರೆ ಇರಲೆಂದು ಎರಡು ಹೆಚ್ಚಿಗೆ ತರಿಸಿದ. ಉಳಿಯುವ ಆ ಎರಡು ಹಲಗೆಯನ್ನು ಬಟ್ಟೆ ಕತ್ತರಿಸುವ ಮೇಜಿಗೆ ಕೊಡುತ್ತೇನೆಂದು ಹೆಂಡತಿಗೆ ಅಂದೇ ಮಾತು ಕೊಟ್ಟ. ಹಲಗೆಗಳನ್ನು ಅಲ್ಲಿಯೇ ನೆರಳಿನಲ್ಲಿ, ನಡುನಡುವೆ ಪಟ್ಟಿ ಇಟ್ಟು, ಮೂರು ವಾರ ಗಾಳಿಗೆ ಪೇರಿಸಿದ. ಆಮೇಲೆ ಎರಡೂ ಮೈಗೆ ಎಣ್ಣೆ ಹಚ್ಚಿಸಿದ.

"ಹಿಂದಿನ ಮೈ ಯಾರು ನೋಡ್ತಾರೆ ಭಾವ?"

"ಮುಂದಿನ ಮೈಯನ್ನೂ ಯಾರೂ ನೋಡಲ್ಲ. ಹಚ್ಚು."

ಒಂಬತ್ತು ದಿನದ ಕೆಲಸ. ಭಾವಮೈದ ಅಟ್ಟಣಿಗೆಯ ಮೇಲೆ ಗುಂಡಿ ಸಿಕ್ಕಿಸಿ ಹಲಗೆ ಬಿಗಿಯುತ್ತಿದ್ದ, ಕೆಳಗೆ ಸೂರಣ್ಣ ಕನ್ನಡಿ ಹಿಡಿದು ನೋಡಿ "ಸರಿ, ಮುಂದಕ್ಕೆ" ಎನ್ನುತ್ತಿದ್ದ. ಅಂಗೈ ಅಗಲದ ಕನ್ನಡಿ, ಒಂಬತ್ತು ಅಡಿ ಎತ್ತರದ ಸೀಲಿಂಗ್, ಐವತ್ತೇಳು ದಾಟಿದ ಕಣ್ಣು. ಸಂದು ನೆಟ್ಟಗಿದೆಯೋ ಸೊಟ್ಟಗಿದೆಯೋ ಅಷ್ಟು ಮಾತ್ರ ಕಾಣುತ್ತಿತ್ತು. ನೆಟ್ಟಗಿತ್ತು. ಕೆಲಸ ಮುಗಿದ ದಿನ ಅವನು ಹಿತ್ತಿಲಲ್ಲಿ ಎಣ್ಣೆಯ ಬ್ರಶ್ ತೊಳೆಯುತ್ತಿದ್ದಾಗ ಡಾಕ್ಟರಮ್ಮ ಬಂದು ನೋಡಿ, "ಎಷ್ಟು ಒತ್ತಾಗಿ ಕೂತಿದೆ!" ಎಂದು ಚಪ್ಪಾಳೆ ತಟ್ಟಿದರು. ಒತ್ತಾಗಿ ಎಂಬ ಮಾತು ಸೂರಣ್ಣನಿಗೆ ಸ್ವಲ್ಪ ಚುಚ್ಚಿತು. ಮರದ ಕೆಲಸ ತಿಳಿಯದವರು ಹೊಗಳುವುದೇ ಹಾಗೆ ಅಂದುಕೊಂಡು ಸುಮ್ಮನಾದ.

ಸಂಜೆ ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಿ, "ಎರಡು ಹಲಗೆ ಅಂದಿದ್ರಿ. ಒಂದೇ ತಂದಿದೀರಲ್ಲ?" ಎಂದಳು.

ಸೂರಣ್ಣ ಭಾವಮೈದನ ಮುಖ ನೋಡಿದ. "ಇನ್ನೊಂದು ಎಲ್ಲಯ್ಯ?"

"ಅದನ್ನೂ ಹೊಡೆದೆ ಭಾವ. ಮೂವತ್ತು ಸಾಲ್ಲಿಲ್ಲ. ಕೊನೇಲಿ ಇನ್ನೊಂದು ಹಲಗೆ ಹಿಡಿಯೋಷ್ಟು ಜಾಗ ಉಳೀತು. ಪಾಪ, ವಯಸ್ಸಾಯ್ತು, ಲೆಕ್ಕ ತಪ್ಪಿರಬೇಕು ಅಂತ ನಾನೂ ಹೇಳೋಕೆ ಹೋಗ್ಲಿಲ್ಲ."

ಸೂರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಅವನ ಲೆಕ್ಕ! ಕತ್ತು ತಪ್ಪಬಹುದು, ಕಣ್ಣು ತಪ್ಪಬಹುದು, ಹಲಗೆಯ ಲೆಕ್ಕ ಇವತ್ತಿನವರೆಗೆ ಒಂದು ಸಲವೂ ತಪ್ಪಿರಲಿಲ್ಲ. ಭಾವಮೈದನ ಜನ್ಮ ಜಾಲಾಡಲು ಬಾಯಿ ತೆರೆದವನು ಅರ್ಧಕ್ಕೇ ನಿಂತ. ಮೂವತ್ತೊಂದು ಹಲಗೆ ಹಿಡಿಯಬೇಕಾದರೆ ಸಂದು ಎಷ್ಟಿರಬೇಕು? ಅವನು ಸಾಮಾನಿನ ಚೀಲ ಬೋರಲು ಹಾಕಿ ಕೆಂಪು ಮುಚ್ಚಳದ ಡಬ್ಬಿ ತೆರೆದ. ಒಳಗೆ ಕಂದು ಬಣ್ಣದ ಷರಟಿನ ಗುಂಡಿಗಳು ಇದ್ದವು.

ಹೊಲಿಗೆ ಯಂತ್ರ ನಿಂತಿತು.

"ಅಯ್ಯೋ, ಅದು ನಾನೇ ರೀ" ಎಂದಳು ಹೆಂಡತಿ. "ಡ್ರಾಯಿಂಗ್ ಮೇಷ್ಟ್ರ ಕೋಟಿಗೆ ಗುಂಡಿ ಕಡಿಮೆ ಬಿತ್ತು. ಅವರು ಬಾಗಿಲಲ್ಲೇ ನಿಂತಿದ್ರು. ನಿಮ್ಮ ಡಬ್ಬೀಲಿ ಅದೇ ಬಣ್ಣದ್ದು ಸಿಕ್ತು, ತಗೊಂಡೆ. ಖಾಲಿ ಯಾಕೆ ಇಡೋದು ಅಂತ ಇವನ್ನ ತುಂಬಿಸಿಟ್ಟೆ. ಬಣ್ಣ ಒಂದೇ ಅಲ್ವಾ, ಗುಂಡಿ ಗುಂಡಿನೇ ತಾನೇ ಅಂದ್ಕೊಂಡೆ."

ಸೂರಣ್ಣ ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕುಸಿದು ಕುಳಿತ. ಯಾರನ್ನು ಬೈಯುವುದು? ಹೆಂಡತಿಯನ್ನು ಬೈಯೋಣವೆಂದರೆ ಗುಂಡಿಯ ಗುಟ್ಟನ್ನು ಅವಳಿಗೆ ಹೇಳಿದವರಾರು? ಭಾವಮೈದನನ್ನು ಬೈಯೋಣವೆಂದರೆ ಕೊಟ್ಟಿದ್ದು ತಗೊಂಡು ಕೆಲಸ ಮಾಡು ಎಂದವರಾರು? ಇನ್ನು ಒಂಬತ್ತು ದಿನ ಕನ್ನಡಿ ಹಿಡಿದು ಸರಿ ಮುಂದಕ್ಕೆ, ಸರಿ ಮುಂದಕ್ಕೆ ಎಂದ ಮಹಾನುಭಾವ ಯಾರು? ಬೈಗುಳ ಊರೆಲ್ಲ ಸುತ್ತಿ ಅವನ ತಲೆಗೇ ಬಂದು ಕೂತಿತು. ಮಳೆಗೆ ಇನ್ನು ಮೂರು ವಾರ ಇತ್ತು.

ಮರುದಿನ ಬೆಳಗ್ಗೆಯೇ ಕ್ಲಿನಿಕ್ಕಿಗೆ ಹೋಗಿ, ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸುತ್ತೇನೆ ಎಂದ. ಡಾಕ್ಟರಮ್ಮ ನಕ್ಕುಬಿಟ್ಟರು. "ಇಷ್ಟು ಚೆನ್ನಾಗಿರೋದನ್ನ ಬಿಚ್ಚೋದಾ? ಹೋಗಿ ರೆಸ್ಟ್ ತಗೊಳ್ಳಿ ಸೂರಣ್ಣ." ಎರಡನೆಯ ದಿನ ಹೋಗಿ, ಮಳೆಗಾಲದಲ್ಲಿ ನಿಮ್ಮ ಮನೆಯ ಬೀರುವಿನ ಬಾಗಿಲು ಬಿಗಿಯುವುದಿಲ್ಲವೇ ಎಂದು ಕೇಳಿದ. ನಮ್ಮ ಮನೆಯದು ಕಬ್ಬಿಣದ ಬೀರು ಎಂದರು. ಮೂರನೆಯ ದಿನ ಒಂದು ಹಲಗೆಯ ತುಂಡನ್ನು ರಾತ್ರಿಯಿಡೀ ನೆನೆಹಾಕಿ, ಒಣ ತುಂಡಿನ ಜೊತೆ ಜೋಡಿಸಿ ಹಿಡಿದು, ನೋಡಿ ಎಷ್ಟು ಹಿಗ್ಗಿದೆ ಎಂದು ತೋರಿಸಿದ.

"ನಾನೇನು ವರಾಂಡಾನ ಬಕೆಟ್‌ನಲ್ಲಿ ಮುಳುಗಿಸ್ತೀನಾ?" ಎಂದರು ಡಾಕ್ಟರಮ್ಮ. ಹೊರಗೆ ಕಾಯುತ್ತಿದ್ದವರೂ ನಕ್ಕರು.

ಇದರ ಮೇಲೆ ಭಾವಮೈದನ ಉಪಕಾರ ಬೇರೆ. "ಡಾಕ್ಟ್ರಮ್ಮ, ನಮ್ಮ ಭಾವ ಯಾವತ್ತೂ ಹೀಗೇನೇ. ಚೆನ್ನಾಗಿರೋದು ಕಂಡ್ರೆ ಅವರಿಗೆ ತಡೆಯಲ್ಲ" ಎಂದು ಅವರಿಗೆ ಸಮಾಧಾನ ಹೇಳಿ ಬಂದಿದ್ದ. ಸಂದಿನ ಅಗಲ ಎರಡು ಕೂದಲು ಹೆಚ್ಚು ಕಡಿಮೆಯಾದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಅಕ್ಕನ ಹತ್ತಿರವೂ ವಾದ ಹಾಕಿದ. ಆಕಾಶ ಬೀಳುವುದಿಲ್ಲ, ಹಲಗೆ ಬೀಳುತ್ತದೆ ಎಂದು ಸೂರಣ್ಣ ಕೂಗಿದ. ಕೂಗಿದ್ದಕ್ಕೆ ಕತ್ತು ಹಿಡಿದುಕೊಂಡು ಅರ್ಧ ಗಂಟೆ ಗೋಡೆಗೆ ಒರಗಿ ನಿಂತ.

ಒಂದು ವಾರ ಹೀಗೇ ಕಳೆಯಿತು. ಏಳನೆಯ ದಿನ ಮಧ್ಯಾಹ್ನ ಮೋಡ ಕಟ್ಟಿತು. ಒಂದು ಹನಿಯೂ ಬೀಳಲಿಲ್ಲ, ಆದರೂ ಸೂರಣ್ಣ ಕ್ಲಿನಿಕ್ಕಿಗೆ ಓಡಿದ. ವರಾಂಡಕ್ಕೆ ಹೊಸ ಬೆಂಚುಗಳು ಬಂದಿದ್ದವು. ನಟ್ಟನಡುವೆ, ಹದಿನಾರನೆಯ ಹಲಗೆಯ ನೇರ ಕೆಳಗೆ, ಒಬ್ಬ ತಾಯಿ ಕೆನ್ನೆ ಊದಿದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಇಬ್ಬರು ಹೊರುವ ಭಾರದ ಹಲಗೆ ಅದು.

ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ.

"ಮತ್ತೆ ಬಂದ್ರಾ?" ಡಾಕ್ಟರಮ್ಮನ ತಾಳ್ಮೆ ಮುಗಿದಿತ್ತು. "ನೋಡಿ ಸೂರಣ್ಣ, ನೀವೇ ಒಂಬತ್ತು ದಿನ ಕನ್ನಡಿ ಹಿಡ್ಕೊಂಡು ನೋಡಿದೀರಿ. ಸರಿ ಅಂದ್ರಿ. ಆಗ ಕಾಣದೇ ಇದ್ದ ತಪ್ಪು ಮನೇಲಿ ಕೂತ್ಕೊಂಡ ಮೇಲೆ ಹೇಗೆ ಕಾಣ್ತು? ಅದನ್ನ ಹೇಳಿ, ಬಿಚ್ಚೋಕೆ ಬಿಡ್ತೀನಿ."

ಒಂದು ವಾರದಿಂದ ಅವನು ಮುಖಕ್ಕೆ ಮುಖ ಕೊಡದೆ ತಪ್ಪಿಸಿಕೊಂಡು ತಿರುಗುತ್ತಿದ್ದ ಪ್ರಶ್ನೆ ಇದೇ. ಸೂರಣ್ಣನ ಮುಖ ಬಿಳಿಚಿಕೊಂಡಿತು. ತಲೆ ಸುತ್ತುತ್ತಿದೆಯೇನೋ ಎಂದು ಗಾಬರಿಯಾದ ಡಾಕ್ಟರಮ್ಮ ಅವನನ್ನು ಹಲ್ಲು ನೋಡುವ ಕುರ್ಚಿಯಲ್ಲೇ ಕೂರಿಸಿ, ಕಾಲಡಿಯ ಗುಂಡಿ ಒತ್ತಿ ಹಿಂದಕ್ಕೆ ಒರಗಿಸಿದರು. ಕುರ್ಚಿ ಮೆಲ್ಲಗೆ ಅಂಗಾತವಾಯಿತು. ಸೂರಣ್ಣನ ಕಣ್ಣೆದುರಿಗೆ ಸೀಲಿಂಗ್ ಬಂತು. ಕತ್ತು ನೋಯಲಿಲ್ಲ. ಪ್ಲಾಸ್ಟಿಕ್ ಶೀಟು, ಮೂಲೆಯಲ್ಲಿ ಒಂದು ಕಡೆ ಜೋತುಬಿದ್ದಿತ್ತು, ಎಂಥ ದರಿದ್ರ ಕೆಲಸ! ನೋವಿಗೆ ಹೆದರಿ ರಾತ್ರಿಯೂ ಮಗ್ಗುಲಾಗಿಯೇ ಮಲಗುತ್ತಿದ್ದವನು ಒಂದು ವರ್ಷದ ಮೇಲೆ ತನ್ನ ಎರಡು ಕಣ್ಣಿನಿಂದ ನೇರವಾಗಿ ಒಂದು ಸೀಲಿಂಗ್ ನೋಡುತ್ತಿದ್ದ. ಅವನಿಗೆ ಅಳು ಬಂತು.

"ನನಗೆ ಮೇಲೆ ನೋಡೋಕಾಗಲ್ಲ ಡಾಕ್ಟ್ರಮ್ಮ" ಎಂದ. "ಕತ್ತು ಹೋಗಿ ಒಂದು ವರ್ಷ ಆಯ್ತು. ಆ ಕನ್ನಡಿ ಗಿನ್ನಡಿ ಎಲ್ಲ ನಾಟಕ. ಅದರಲ್ಲಿ ನನಗೆ ಅರ್ಧಂಬರ್ಧ ಕಾಣುತ್ತೆ. ಕಾಣದೇನೇ ಸರಿ ಅಂದೆ. ಹಲಗೆ ಒಂದು ಜಾಸ್ತಿ ಹಿಡಿದಿದೆ, ಅದರಿಂದ ಗೊತ್ತಾಯ್ತು. ಹೊರಗಡೆ ಆ ಮಗು ಮಲಗಿದೆಯಲ್ಲ, ಮೊದಲು ಅದನ್ನ ಪಕ್ಕದ ಬೆಂಚಿಗೆ ಕಳಿಸಿ."

"ಇದನ್ನ ಮೊದಲನೇ ದಿನಾನೇ ಹೇಳಬಹುದಿತ್ತು" ಎಂದರು ಡಾಕ್ಟರಮ್ಮ.

"ಹೇಳಿದ್ರೆ ಕೆಲಸ ಕೊಡ್ತಿದ್ರಾ?"

ಡಾಕ್ಟರಮ್ಮ ಎದ್ದು ಹೊರಗೆ ಹೋಗಿ ವರಾಂಡ ಖಾಲಿ ಮಾಡಿಸಿದರು. ಬಾಗಿಲಲ್ಲಿ ಭಾವಮೈದ ನಿಂತಿದ್ದ; ಭಾವ ಓಡಿದ್ದು ಕಂಡು ಹಿಂದೆಯೇ ಬಂದಿದ್ದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನ ಬಾಯಿಗೆ ಬೀಗ ಬಿದ್ದಿತ್ತು.

ಮಾರನೆಯ ದಿನವೇ ಬಿಚ್ಚುವ ಕೆಲಸ ಶುರುವಾಯಿತು. ರೋಗಿಗಳು ಹಿತ್ತಿಲ ಬಾಗಿಲಿನಿಂದ ಬಂದು ಹೋದರು, ಬಡಗಿಗೆ ಒಂದೊಂದು ಮಾತು ಅಂದೇ ಹೋದರು. ಹಲಗೆ ಇಳಿಸಿಯಾದ ಮೇಲೆ ಸೂರಣ್ಣ ಭಾವಮೈದನನ್ನು ಕೂರಿಸಿಕೊಂಡು, ಎರಡೂ ಡಬ್ಬಿ ಮುಂದಿಟ್ಟು, ಯಾವ ಗುಂಡಿ ಯಾವಾಗ, ಯಾಕೆ ಎಂದು ಪೂರ್ತಿ ಹೇಳಿದ. ಹೇಳುವಾಗ ಹಲ್ಲು ಕೀಳಿಸಿಕೊಂಡಷ್ಟು ಸಂಕಟವಾಯಿತು.

"ಇಷ್ಟೇನಾ ಭಾವ?" ಎಂದ ಭಾವಮೈದ. "ಇಷ್ಟಕ್ಕೆ ಹದಿನೆಂಟು ವರ್ಷ ಮುಚ್ಚಿಟ್ರಾ?"

ಕೋಟಿನ ಗುಂಡಿಗಳು ಮೇಷ್ಟ್ರ ಕೋಟಿನ ಜೊತೆ ಹೋಗಿದ್ದವು. ಹೆಂಡತಿ ಪೆಟ್ಟಿಗೆಯಿಂದ ಸೂರಣ್ಣನ ಮದುವೆಯ ಕೋಟು ತೆಗೆದು, ಒಂದು ಮಾತೂ ಕೇಳದೆ ಗುಂಡಿಗಳನ್ನೆಲ್ಲ ಕತ್ತರಿಸಿದಳು. "ಸುಮ್ಮನಿರಿ. ಅದು ನಿಮ್ಮ ಹೊಟ್ಟೆ ಸುತ್ತಿ ಬರೋ ಕಾಲ ಮುಗೀತು" ಎಂದಳು. ಅಂಗಡಿಗೆ ಬೀಗ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಅಟ್ಟಣಿಗೆ ಹತ್ತಿದಳು. ಬಟ್ಟೆಯ ಅಂಚು ನೂಲಿನಷ್ಟು ವಾಲಿದರೂ ಹಿಡಿಯುವ ಕಣ್ಣು ಅದು. ತಮ್ಮ ಬಿಗಿದ ಪ್ರತಿ ಹಲಗೆಯ ಉದ್ದಕ್ಕೂ ಗುಂಡಿ ಎಳೆದು ನೋಡಿ, "ಇಲ್ಲಿ ಬಿಗಿ, ಬಿಚ್ಚೋ" ಎನ್ನುತ್ತಿದ್ದಳು. ಕೆಳಗೆ ಕೆಲಸವಿಲ್ಲದೆ ನಿಂತ ಸೂರಣ್ಣ, ನನಗಿಂತ ಜಾಸ್ತಿ ಪೀಡಿಸ್ತಾಳಲ್ಲಪ್ಪ ಎಂದು ಒಳಗೊಳಗೇ ಕುದಿಯುತ್ತಿದ್ದ. ತಾನಿಲ್ಲದೆಯೂ ಕೆಲಸ ಸಾಗುತ್ತಿದೆ ಎಂಬುದೇ ಅವನಿಗೆ ಕತ್ತಿಗಿಂತ ಹೆಚ್ಚು ನೋಯುತ್ತಿತ್ತು.

ಈ ಸಲ ಸರಿಯಾಗಿ ಮೂವತ್ತು ಹಲಗೆ ಹಿಡಿದವು. ಮೂವತ್ತೊಂದನೆಯದು ಹೆಂಡತಿಯ ಮೇಜಿಗೆ ಹೋಯಿತು. ಡಾಕ್ಟರಮ್ಮ ಬಂದು ನೋಡಿ, ತಡೆದು ತಡೆದು, "ಸಂದು ಕಾಣುತ್ತಲ್ಲ ಸೂರಣ್ಣ. ಮೊದಲನೇದೇ ಚೆನ್ನಾಗಿತ್ತೇನೋ" ಎಂದರು. ಸೂರಣ್ಣ ಹಲ್ಲು ಕಡಿದ. ಮಳೆ ಬರಲಿ, ಆಮೇಲೆ ಮಾತಾಡೋಣ ಎಂದಷ್ಟೇ ಹೇಳಿ ಬಂದ.

ಮಳೆ ಬಂತು. ಎಂಟು ದಿನ ಬಿಡದೆ ಸುರಿಯಿತು. ಒಂಬತ್ತನೆಯ ದಿನ ಸೂರಣ್ಣನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಕೊಡೆ ಹಿಡಿದು ಹೆಂಡತಿಯೊಂದಿಗೆ ಕ್ಲಿನಿಕ್ಕಿಗೆ ಹೋದ. ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ, ಕನ್ನಡಿ ಇರಲಿಲ್ಲ. ಅದನ್ನು ಹೆಂಡತಿ ವಾಪಸು ಅಂಗಡಿಗೆ ಸೇರಿಸಿದ್ದಳು.

"ಅವತ್ತು ಆ ಕುರ್ಚೀಲಿ ಹೇಗೆ ನೋಡಿದ್ರಿ?" ಎಂದಳು ಅವಳು. "ಹಾಗೇ ನೋಡಿ."

ವರಾಂಡದ ತುಂಬ ಜನ ಇದ್ದರು. ಅಷ್ಟು ಜನರ ಮುಂದೆ, ಒಬ್ಬ ಮೇಸ್ತ್ರಿ! ಸೂರಣ್ಣ ಕೊಡೆ ಮಡಚಿ ಹೆಂಡತಿಯ ಕೈಗಿಟ್ಟ. ಆಮೇಲೆ ನಡುವಿನ ಬೆಂಚಿನ ಮೇಲೆ ಕಾಲು ಚಾಚಿ ಅಂಗಾತ ಮಲಗಿದ.

"ಅಯ್ಯೋ, ಯಾರಿಗೋ ಹಲ್ಲುನೋವು ತಲೆಗೇರಿದೆ, ದಾರಿ ಬಿಡಿ" ಎಂದರು ಯಾರೋ. ಸೂರಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದನೆಯ ಹಲಗೆಯಿಂದ ಎಣಿಸತೊಡಗಿದ. ಹಲಗೆಗಳು ತಮಗೆ ಬೇಕಾದಷ್ಟು ಹಿಗ್ಗಿದ್ದವು. ಹಿಗ್ಗಿಯೂ ಪ್ರತಿ ಜೋಡಿಯ ನಡುವೆ ಒಂದು ಕಪ್ಪು ಗೆರೆ, ನೂಲು ಹಿಡಿದು ಎಳೆದಂತೆ, ಆ ಗೋಡೆಯಿಂದ ಈ ಕಂಬದವರೆಗೆ ಉಳಿದಿತ್ತು. ಹದಿನಾರು ನೆಟ್ಟಗಿತ್ತು. ಹದಿನೇಳು ನೆಟ್ಟಗಿತ್ತು. ಅವನು ಅಷ್ಟು ಹೊತ್ತು ಕಣ್ಣು ಕೀಳದೆ ನೋಡುತ್ತಿರುವುದನ್ನು ಕಂಡು ಪಕ್ಕದ ಬೆಂಚಿನ ಮುದುಕ ತಲೆ ಎತ್ತಿದ. ಅವನನ್ನು ನೋಡಿ ಇನ್ನೊಬ್ಬಳು ಎತ್ತಿದಳು. ಕೆನ್ನೆಗೆ ಕೈಯಿಟ್ಟುಕೊಂಡಿದ್ದವರು, ಛತ್ರಿ ಒದರುತ್ತಿದ್ದವರು, ಒಬ್ಬೊಬ್ಬರಾಗಿ ಇಡೀ ವರಾಂಡ ಬಾಯಿ ಬಿಟ್ಟುಕೊಂಡು ಮೇಲೆ ನೋಡತೊಡಗಿತು.

"ಏನು? ಹಲ್ಲಿ ಇದೆಯಾ?" ಎಂದ ಮುದುಕ.

ಸೂರಣ್ಣ ಮೂವತ್ತನೆಯ ಹಲಗೆಯವರೆಗೆ ಎಣಿಸುತ್ತಲೇ ಹೋದ.

"ಅಲ್ಲೇನೂ ಇಲ್ಲವಲ್ಲಯ್ಯ" ಎಂದು ಮುದುಕ ಮತ್ತೆ ಸಿಡುಕಿದ.

"ಏನೂ ಇಲ್ಲ ತಾನೇ? ಸರಿಯಾಗಿ ನೋಡಿ ಹೇಳಿ ಯಜಮಾನ್ರೇ" ಎಂದ ಸೂರಣ್ಣ. ಅವನ ಕಣ್ಣಿನ ನೀರು ಎರಡೂ ಕಡೆಯಿಂದ ಕಿವಿಗೆ ಇಳಿಯುತ್ತಿತ್ತು. ಹೆಂಡತಿ ಸೆರಗಿನಿಂದ ಒರೆಸಿ, ಏಳಿ ಸಾಕು, ಕಾಯೋರಿಗೆ ಜಾಗ ಬಿಡಿ, ಎಂದಳು.